ಮುಖ ಕಾಣದ ವರ್ತಕ

2007ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ, ಬೆಂಗಳೂರಿನ ಕೋರಮಂಗಲದ ಒಂದು ವಾಸದ ಮನೆಯಿಂದ ಪುಸ್ತಕ ವ್ಯಾಪಾರಕ್ಕೆ ತೊಡಗಿದ್ದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರಿಗೆ ಮೊದಲನೆಯ ಗಿರಾಕಿ ದೊರೆತನು. ಆತನು ರಾಜಧಾನಿಯ ನಿವಾಸಿಯಾಗಿರಲಿಲ್ಲ. ಅಂದಿನ ಆಂಧ್ರಪ್ರದೇಶಕ್ಕೆ ಸೇರಿದ್ದ ಮಹಬೂಬ್‌ನಗರವೆಂಬ ಜಿಲ್ಲಾಕೇಂದ್ರದವನಾಗಿದ್ದನು. ಆತನು ಬಯಸಿದ್ದು ಜಾನ್ ವುಡ್ ಎಂಬ ಲೇಖಕನ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದಿ ವರ್ಲ್ಡ್’ ಎಂಬ ಗ್ರಂಥವನ್ನು. ವರ್ತಕರ ಬಳಿ ಆ ಗ್ರಂಥದ ಒಂದು ಪ್ರತಿಯೂ ಇರಲಿಲ್ಲವಾದುದರಿಂದ ಅವರು ಬೆಂಗಳೂರಿನ ಪುಸ್ತಕದಂಗಡಿಗಳನ್ನು ಸುತ್ತಿ, ಕಡೆಗೆ ಒಂದು ಪ್ರತಿಯನ್ನು ದೊರಕಿಸಿಕೊಂಡು ಕಳುಹಿಸಿಕೊಟ್ಟರು. ನಾಲ್ಕು ಲಕ್ಷ ರೂಪಾಯಿಗಳ ಮೂಲಧನದಿಂದ ಮೊದಲಾದ ಆ ಅಂಗಡಿಯೇ ಫ್ಲಿಪ್‌ಕಾರ್ಟ್.

ಈ ಪ್ರಸಂಗವನ್ನು ಓದಿದಾಗಲೆಲ್ಲ, ತುಂಗಭದ್ರೆಯ ಈಚೆಯ ದಡದ ಕೆಂಪು ಮಸಾರಿ ಮತ್ತು ಎರೆಯ ಭೂಮಿಯಲ್ಲಿ ಬಾಳುವ ನಮ್ಮಂಥವರ ಮನಸ್ಸು ಆ ಇಬ್ಬರು ತರುಣರಿಗಿಂತ ಹೆಚ್ಚಾಗಿ ಆ ಗಿರಾಕಿಯ ಕಡೆಗೇ ಹರಿಯುತ್ತದೆ. ಮಹಬೂಬ್‌ನಗರವೂ ನಮ್ಮ ಸೀಮೆಯಂತೆಯೇ ಮಳೆಯನ್ನು ನೆಚ್ಚಿದ, ಜೋಳ ಸೇಂಗಾಗಳನ್ನು ಬೆಳೆಯುವ, ಗುಳೆ ಹೋಗುವವರ ಸೀಮೆ. ಅಂಥ ಊರಿನಲ್ಲಿ ಕುಳಿತವನೊಬ್ಬನು ತಾನು ಎಂದೂ ಕಂಡಿರದ, ಮುಂದೆಯೂ ಕಾಣಲಾರದ ವರ್ತಕನಿಗೆ ಹಣವನ್ನೊಪ್ಪಿಸಿ, ಸರಕು ಬಂದೇ ಬರುವುದೆಂದು ಕಾದು ಕುಳಿತನೆಂದರೆ, ಆ ಧೈರ್ಯವು ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಅಂತರಜಾಲದ ವ್ಯಾಪಾರದ ಚರಿತ್ರೆಯು ಯಂತ್ರಗಳ ಚರಿತ್ರೆಯಾಗಿರುವುದಕ್ಕಿಂತ ಅಧಿಕವಾಗಿ ವಿಶ್ವಾಸದ ಚರಿತ್ರೆಯೆಂಬುದು ಗೋಚರಿಸುತ್ತದೆ.

ಆ ವಿಶ್ವಾಸದ ಚರಿತ್ರೆಯನ್ನು ನಮ್ಮ ಸೀಮೆಯಿಂದಲೇ ಮೊದಲುಮಾಡಬಹುದು. ಕೊಟ್ಟೂರಿನ ಸಮೀಪದಲ್ಲಿರುವ ಕೋಗಳಿಯು ಇಂದು ಒಂದು ಸಾಧಾರಣ ಗ್ರಾಮ. ಆದರೆ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅದು ನೊಳಂಬವಾಡಿ 32,000ಕ್ಕೆ ಸೇರಿದ ‘ಕೋಗಳಿ 500’ ಎಂಬ ನಾಡಿಗೆ ಹೆಸರು ಕೊಟ್ಟ ಸ್ಥಳ. ಗಂಗರ ದುರ್ವಿನೀತನು ಕಟ್ಟಿಸಿದನೆಂದು ಪ್ರತೀತಿಯಿರುವ ಪ್ರಾಚೀನ ಬಸದಿಯು ಅಲ್ಲಿಯದು. ನಾಡಿನ ಹೆಸರಿಗೆ ಅಂಟಿಕೊಂಡ ಈ ಸಂಖ್ಯೆಯು ಗ್ರಾಮಗಳ ಎಣಿಕೆಯೋ, ಕಂದಾಯದ ಪ್ರಮಾಣವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅಂದಿನ ಆ ನಾಡಿನ ಭೂಮಿಯೇ ಬಹುಮಟ್ಟಿಗೆ ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳಾಗಿ, 2021ರಲ್ಲಿ ರಾಜ್ಯದ 31ನೆಯ ಜಿಲ್ಲೆಯಾಗಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಸೇರಿಕೊಂಡಿದೆ.

ಈ ನಾಡು ಮಹಾಪಟ್ಟಣವೊಂದನ್ನು ತನ್ನೊಳಗೆ ಬೆಳೆಸದಿದ್ದರೂ ವ್ಯಾಪಾರದ ಮಾರ್ಗಗಳಿಗೆ ಹೊರತಾದದ್ದಲ್ಲ. ಮಧ್ಯಯುಗದ ದಕ್ಷಿಣಾಪಥದಲ್ಲೆಲ್ಲ ಸಂಚರಿಸಿದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಮೂಹದ ಕೀರ್ತಿಯು ಕನ್ನಡನಾಡಿನ ಮೂಲೆಮೂಲೆಯ ಶಾಸನಗಳಲ್ಲಿ ಮಾತ್ರವಲ್ಲದೆ ಸಮುದ್ರದಾಚೆಯ ಸುಮಾತ್ರಾ ದ್ವೀಪದ ಬಾರೂಸ್ ಎಂಬಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಕಾಣಬರುತ್ತದೆ. ಐಹೊಳೆಯನ್ನು ಕೇಂದ್ರವಾಗಿಟ್ಟುಕೊಂಡು ಶಾಖೆಗಳನ್ನು ಆಳಿದ ಸುವ್ಯವಸ್ಥಿತ ಶ್ರೇಣಿಯಿದು ಎಂದು ಹಿಂದಿನ ಕೆಲವು ಇತಿಹಾಸಕಾರರು ಭಾವಿಸಿದರೆ, ಒಂದೇ ಬಿರುದಾವಳಿಯ ನೆರಳಿನಲ್ಲಿ ತಂತಮ್ಮ ಪಾಡಿಗೆ ನಡೆಯುತ್ತಿದ್ದ ಅನೇಕ ಗುಂಪುಗಳ ಸಡಿಲವಾದ ಕೂಟವೆಂದು ಈಚಿನವರು ವಾದಿಸುತ್ತಾರೆ. ಎರಡು ಮತಗಳಲ್ಲಿ ಯಾವುದನ್ನು ಒಪ್ಪಿದರೂ ಸಾರವೊಂದೇ: ದೂರದೇಶದಲ್ಲಿ ಅಪರಿಚಿತನ ಕೈಗೆ ಸರಕನ್ನೊಪ್ಪಿಸಬೇಕಾದ ವರ್ತಕನಿಗೆ, ಮುಖಪರಿಚಯದ ಸ್ಥಾನದಲ್ಲಿ ನಿಲ್ಲಬಲ್ಲ ಒಂದು ಹೆಸರು ಬೇಕಾಗಿದ್ದಿತು, ಐನೂರ್ವರ ಬಿರುದು ಅಂಥ ಹೆಸರಾಗಿತ್ತು.

ಆದರೆ ಸಾಮಾನ್ಯ ಒಕ್ಕಲಿಗನಿಗೆ ಆ ಹೆಸರಿನ ಅವಶ್ಯಕತೆಯಿರಲಿಲ್ಲ. ಅವನ ವ್ಯಾಪಾರವೆಲ್ಲ ವಾರದ ಸಂತೆಯಲ್ಲಿ, ಕೊಟ್ಟೂರಿನ ಗುರುಬಸವೇಶ್ವರನ ತೇರಿನಲ್ಲಿ, ಮೈಲಾರದ ಕಾರಣಿಕಕ್ಕೆ ನೆರೆದ ಜನಸ್ತೋಮದ ನಡುವೆ, ಕಣ್ಣೆದುರಿಗೇ ನಡೆಯುತ್ತಿದ್ದಿತು. ಮಾರುವವನ ಮುಖವನ್ನು ಕೊಳ್ಳುವವನೂ, ಕೊಳ್ಳುವವನ ಮುಖವನ್ನು ಮಾರುವವನೂ ನೋಡಿದಲ್ಲದೆ ಚೌಕಾಸಿಯು ಮೊದಲಾಗುತ್ತಿರಲಿಲ್ಲ. ಕಿರಾಣಿ ಅಂಗಡಿಯ ಸಾಹುಕಾರನು ಉದ್ರಿಯನ್ನು ಬರೆದುಕೊಳ್ಳುವಾಗ ಸೇಂಗಾದ ಸುಗ್ಗಿಯನ್ನೂ, ಆ ಮನೆತನದ ಮಾತಿನ ತೂಕವನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತಿದ್ದನು. ದನದ ಸಂತೆಯಲ್ಲಂತೂ ದಲಾಲಿಯು ಟವೆಲ್ಲಿನ ಮರೆಯಲ್ಲಿ ಬೆರಳುಗಳನ್ನು ಹಿಡಿದು, ಒಂದು ಮಾತನ್ನೂ ಆಡದೆ ಬೆಲೆಯನ್ನು ಹೇಳುತ್ತಿದ್ದನು; ನೋಡುವವರ ಕಣ್ಣಿಗೆ ಬೆಲೆಯು ಮರೆಯಾಗಿದ್ದರೂ ವ್ಯವಹಾರದ ಇಬ್ಬರಿಗೆ ಅದು ಕೈಗೆ ಕೈ ತಗುಲಿ ತಿಳಿಯುತ್ತಿದ್ದಿತು.

ಮುಖ ಕಾಣದ ವರ್ತಕನನ್ನು ನಮ್ಮ ಹಳ್ಳಿಗಳಿಗೆ ಮೊದಲು ಪರಿಚಯಿಸಿದ ಕೀರ್ತಿಯು ಸಲ್ಲಬೇಕಾದುದು ಅಂಚೆಯ ಇಲಾಖೆಗೆ. 1872ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಆರನ್ ಮಾಂಟ್ಗೊಮೆರಿ ವಾರ್ಡ್ ಎಂಬವನು ಬೆಲೆಪಟ್ಟಿಯನ್ನು ಅಚ್ಚುಹಾಕಿಸಿ ದೂರದ ರೈತರಿಗೆ ಅಂಚೆಯ ಮೂಲಕ ಸರಕು ಮಾರುವ ಪದ್ಧತಿಯನ್ನು ಆರಂಭಿಸಿದನು. ಒಪ್ಪಿಗೆಯಾಗದಿದ್ದರೆ ಹಣ ವಾಪಸೆಂಬ ಅವನ ವಾಗ್ದಾನವೇ ಆ ವ್ಯಾಪಾರದ ಅಡಿಗಲ್ಲಾಯಿತು. ಅದಕ್ಕೆ ಐದು ವರ್ಷಗಳ ತರುವಾಯ, 1877ರಲ್ಲಿ, ಭಾರತದ ಅಂಚೆಯು ವಿ.ಪಿ.ಪಿ. ಎಂದು ಮುಂದೆ ಮನೆಮಾತಾದ ಏರ್ಪಾಡನ್ನು ಜಾರಿಗೆ ತಂದಿತು: ಪೊಟ್ಟಣವು ಮೊದಲು ಬರುವುದು, ಹಣವು ಅಂಚೆಯವನ ಕೈಗೆ ಸಲ್ಲುವುದು, ಆ ಬಳಿಕ ಅದು ದೂರದ ವರ್ತಕನನ್ನು ಸೇರುವುದು. 1880ರಲ್ಲಿ ಮನಿಆರ್ಡರಿನ ಕಾರ್ಯವೂ ಅಂಚೆಗೆ ಬಂದಿತು. ಗಡಿಯಾರ, ಔಷಧ, ಪಂಚಾಂಗ, ಕಾದಂಬರಿ ಇವೆಲ್ಲವೂ ಪತ್ರಿಕೆಗಳ ಕಡೆಯ ಪುಟದ ಜಾಹೀರಾತುಗಳಿಂದ ಹೊರಟು ಹಳ್ಳಿಯ ಜಗಲಿಗೆ ಬರತೊಡಗಿದುದು ಈ ದಾರಿಯಿಂದಲೇ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ವಿಶ್ವಾಸವನ್ನೇ ಬಂಡವಾಳವಾಗಿ ಮಾಡಿಕೊಂಡು ಬದುಕಿತು. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಮುಂಗಡವಾಗಿ ಹಣ ಕಳುಹಿಸುವ ಓದುಗರನ್ನು ಅದು ಊರೂರುಗಳಲ್ಲಿ ಸಂಪಾದಿಸಿತು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ವಿ.ಪಿ.ಪಿ.ಯ ಗಿರಾಕಿಯು ವರ್ತಕನನ್ನು ನಂಬಿದನೆಂದು ಹೇಳುವುದು ಪೂರ್ಣಸತ್ಯವಲ್ಲ. ಅವನು ನಂಬಿದ್ದು ಪ್ರತಿದಿನವೂ ಓಣಿಯಲ್ಲಿ ಕಾಣುವ, ಹೆಸರು ಹಿಡಿದು ಕರೆಯಬಹುದಾದ ಅಂಚೆಯಣ್ಣನನ್ನು. ವರ್ತಕನ ಕಾಣದ ಮುಖದ ಬದಲಾಗಿ ನಿಂತದ್ದು ಆ ಪರಿಚಿತ ಮುಖ. 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡ್ ಜಾರಿಗೆ ಬಂದು ನಮ್ಮ ಊರುಗಳಿಗೆ 583ರಿಂದ ಆರಂಭವಾಗುವ ಸಂಖ್ಯೆಗಳು ಲಭಿಸಿದಾಗ, ಅವುಗಳು ಅರ್ಧ ಶತಮಾನ ಕಳೆಯುವುದರೊಳಗಾಗಿ ಪ್ರಪಂಚದ ಸರಕಿಗೆಲ್ಲ ನಮ್ಮ ಬಾಗಿಲನ್ನು ತೋರಿಸುವ ಕೈಮರಗಳಾಗುವವೆಂದು ಯಾರೂ ಊಹಿಸಿರಲಿಲ್ಲ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಜನಸಾಮಾನ್ಯರಿಗೆ ಅಂತರಜಾಲದ ಬಾಗಿಲನ್ನು ತೆರೆಯಿತು. ಅದಕ್ಕೂ ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲಪತ್ರಿಕೆಯು ಮೊದಲನೆಯ ಚಿತ್ರಪಟ್ಟಿಯ ಜಾಹೀರಾತುಗಳನ್ನು ಪ್ರಕಟಿಸಿದ್ದಿತು. 2000ದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು, ಜನರು ಹುಡುಕುವ ಪದದ ಬೆನ್ನಿಗೇ ಜಾಹೀರಾತನ್ನು ನಿಲ್ಲಿಸುವ ಪದ್ಧತಿಯನ್ನು ಆರಂಭಿಸಿತು. ಡಂಗುರದವನು ಊರಿಗೆಲ್ಲ ಒಂದೇ ಮಾತನ್ನು ಸಾರುತ್ತಿದ್ದನಾದರೆ, ಈ ಹೊಸ ಡಂಗುರವು ಕೇಳಿದವನ ಕಿವಿಗೆ ಮಾತ್ರ, ಅವನು ಕೇಳಿದುದನ್ನೇ ಕುರಿತು ನುಡಿಯತೊಡಗಿತು. 1996ರಲ್ಲಿ ಯು. ಬಿ. ಪವನಜ ಅವರ ‘ವಿಶ್ವಕನ್ನಡ’ವು ಅಂತರಜಾಲದ ಮೇಲೆ ಕನ್ನಡವನ್ನು ಮೂಡಿಸಿತು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವು ಗಣಕದಲ್ಲಿ ಕನ್ನಡ ಬರೆಯುವವರಿಗೆ ದಾರಿಯನ್ನು ಸುಗಮಗೊಳಿಸಿತು. ಆದರೆ ವ್ಯಾಪಾರದ ಭಾಷೆ ಇನ್ನೂ ಬಹುಕಾಲ ಇಂಗ್ಲಿಷಾಗಿಯೇ ಉಳಿಯಿತು.

ನಮ್ಮ ಸೀಮೆಯ ರೈತನು ಗಣಕಯಂತ್ರದೊಡನೆ ಮೊದಲು ವ್ಯವಹರಿಸಿದ್ದು ಅಂಗಡಿಯಲ್ಲಲ್ಲ, ತಾಲೂಕು ಕಚೇರಿಯಲ್ಲಿ. ಕಳೆದ ಶತಮಾನದ ಕೊನೆಯಲ್ಲಿ ಆರಂಭವಾಗಿ 2002ರ ವೇಳೆಗೆ ರಾಜ್ಯದ ಎಲ್ಲ ತಾಲೂಕುಗಳನ್ನೂ ವ್ಯಾಪಿಸಿದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮಲೆಕ್ಕಿಗನ ದಯೆಗಾಗಿ ದಿನಗಟ್ಟಲೆ ಅಲೆಯುತ್ತಿದ್ದವನು ಕಿಟಕಿಯ ಮುಂದೆ ನಿಂತು 15 ರೂಪಾಯಿಗಳನ್ನು ಕೊಟ್ಟು, ತನ್ನ ಹೊಲದ ಲೆಕ್ಕವನ್ನು ಅಚ್ಚಾದ ಕಾಗದದಲ್ಲಿ ಕೈಗೆ ಪಡೆದನು. ಯಂತ್ರದಿಂದ ಹೊರಬಂದ ಕಾಗದವನ್ನು ಬ್ಯಾಂಕೂ ನ್ಯಾಯಾಲಯವೂ ಒಪ್ಪುವುದೆಂಬ ಅನುಭವವು, ಕಾಣದ ವ್ಯವಸ್ಥೆಯ ಮೇಲಣ ವಿಶ್ವಾಸದ ಮೊದಲ ಪಾಠವಾಗಿತ್ತು. 2002ರ ಆಗಸ್ಟಿನಲ್ಲಿ ರೈಲಿನ ಟಿಕೇಟುಗಳು ಅಂತರಜಾಲದಲ್ಲಿ ದೊರೆಯತೊಡಗಿದವು. ಓದುಬರಹ ಬಲ್ಲ ತರುಣರು ಸೈಬರ್ ಕೆಫೆಗಳಲ್ಲಿ ಪರೀಕ್ಷೆಯ ಫಲಿತಾಂಶವನ್ನು ನೋಡುತ್ತ, ನೌಕರಿಯ ಅರ್ಜಿಗಳನ್ನು ತುಂಬುತ್ತ ಈ ಹೊಸ ಲೋಕದ ರೀತಿಗಳನ್ನು ಕಲಿತರು.

ಇಷ್ಟಾದರೂ ಸರಕಿನ ವ್ಯಾಪಾರವು ಬೇಗನೆ ಬೇರೂರಲಿಲ್ಲ. 1999ರಲ್ಲಿಯೇ ಬೆಂಗಳೂರಿನಲ್ಲಿ ಕೆ. ವೈತೀಶ್ವರನ್ ಮತ್ತು ಸಂಗಡಿಗರು ‘ಫ್ಯಾಬ್‌ಮಾರ್ಟ್’ ಎಂಬ ಅಂತರಜಾಲದ ಅಂಗಡಿಯನ್ನು ತೆರೆದಿದ್ದರು. ಅದು ಮುಂದೆ ‘ಇಂಡಿಯಾಪ್ಲಾಜಾ’ ಎಂಬ ಹೆಸರಿನಿಂದ ನಡೆದು 2013ರಲ್ಲಿ ಮುಚ್ಚಿಹೋಯಿತು. ಅದರ ಸಂಸ್ಥಾಪಕರಲ್ಲಿ ಕೆಲವರು ಅಷ್ಟರೊಳಗೆ, 2011ರಲ್ಲಿ, ‘ಬಿಗ್‌ಬ್ಯಾಸ್ಕೆಟ್’ ಸ್ಥಾಪಿಸಿ ದಿನಸಿಯ ವ್ಯಾಪಾರದಲ್ಲಿ ಯಶಸ್ಸನ್ನು ಕಂಡರು. ಕಾಲಕ್ಕಿಂತ ಮುಂಚೆ ಬಿತ್ತಿದ ಬೀಜವು ಮಣ್ಣಿನಲ್ಲಿಯೇ ಒಣಗುವುದುಂಟು. ಅಂತರಜಾಲದ ಸಂಪರ್ಕವು ವಿರಳವಾಗಿದ್ದಿತು, ಕ್ರೆಡಿಟ್ ಕಾರ್ಡುಗಳು ಕೆಲವೇ ಜನರಲ್ಲಿದ್ದವು; ಅವೆರಡೂ ಇದ್ದವನಲ್ಲಿಯೂ, ಮುಂಗಡ ಹಣವನ್ನು ಕೊಟ್ಟು ಕಾಯುವ ಧೈರ್ಯವಿರಲಿಲ್ಲ.

ಈ ಗಂಟನ್ನು ಬಿಡಿಸಿದ ವರ್ಷವೆಂದರೆ 2010. ಆ ವರ್ಷ ಫ್ಲಿಪ್‌ಕಾರ್ಟ್ ಸಂಸ್ಥೆಯು, ಸರಕು ಮನೆ ಸೇರಿದ ಮೇಲೆ ಹಣ ಕೊಟ್ಟರೆ ಸಾಕೆಂಬ ‘ಕ್ಯಾಶ್ ಆನ್ ಡೆಲಿವರಿ’ ಪದ್ಧತಿಯನ್ನು ಕೈಗೊಂಡಿತು. ಇದನ್ನು ಅಪೂರ್ವವಾದ ನವೀನೋಪಾಯವೆಂದು ವಾಣಿಜ್ಯಲೋಕವು ಕೊಂಡಾಡಿತು. ಆದರೆ ನಮ್ಮ ಹಿರಿಯರನ್ನು ಕೇಳಿದ್ದರೆ ಅವರು, ಇದು ತಾವು ಬಲ್ಲ ವಿ.ಪಿ.ಪಿ.ಯೇ ಅಲ್ಲವೇ ಎಂದು ಒಂದೇ ಮಾತಿನಲ್ಲಿ ಗುರುತಿಸುತ್ತಿದ್ದರು. ಸುಮಾರು 130 ವರ್ಷಗಳ ಹಿಂದೆ ಅಂಚೆಯವನು ಮಾಡಿದುದನ್ನೇ ಈಗ ಬೈಕಿನ ಮೇಲೆ ದೊಡ್ಡ ಚೀಲ ಹೊತ್ತ ಹುಡುಗನು ಮಾಡತೊಡಗಿದನು. ಬೆನ್ನಿಗೇ, ಒಪ್ಪದ ಸರಕನ್ನು ಹಿಂದಿರುಗಿಸಬಹುದೆಂಬ ವಾಗ್ದಾನವೂ ಸೇರಿಕೊಂಡಿತು. ಭಾರತದ ಅಂಚೆಯು ಸಹ 2013ರ ಕೊನೆಯಲ್ಲಿ ಇಂಥ ವ್ಯಾಪಾರದ ಪೊಟ್ಟಣಗಳಿಗಾಗಿ ಹಣವಸೂಲಿಯ ಸೌಲಭ್ಯವುಳ್ಳ ಹೊಸ ಪಾರ್ಸೆಲ್ ಸೇವೆಗಳನ್ನು ಆರಂಭಿಸಿ, ತನ್ನ ಹಳೆಯ ವಿದ್ಯೆಯನ್ನು ಹೊಸ ಅಂಗಡಿಗಳಿಗೆ ಧಾರೆಯೆರೆಯಿತು.

ಕೊಟ್ಟೂರು, ಹರಪನಹಳ್ಳಿಗಳಂಥ ಊರುಗಳಿಗೆ ಈ ಪದ್ಧತಿಯು ಬಂದಾಗ ಅದರ ಸ್ವರೂಪವು ಪಟ್ಟಣದಲ್ಲಿದ್ದುದಕ್ಕಿಂತ ಭಿನ್ನವಾಯಿತು. ಇಲ್ಲಿಯ ವಿಳಾಸಗಳಲ್ಲಿ ಮನೆಯ ಸಂಖ್ಯೆಗಿಂತ ಮಠದ ಹಿಂದಣ ಓಣಿ, ನೀರಿನ ಟ್ಯಾಂಕಿನ ಪಕ್ಕ, ಬಸ್‌ಸ್ಟ್ಯಾಂಡಿನ ಎದುರು ಎಂಬ ಗುರುತುಗಳೇ ಪ್ರಧಾನ. ‘ಅಣ್ಣಾ, ನಿಮ್ಮ ಪಾರ್ಸೆಲ್ ಬಂದೈತಿ, ಎಲ್ಲಿದ್ದೀರಿ?’ ಎಂಬ ಕರೆಗೆ, ‘ನಮ್ಮ ಮಾವನ ಅಂಗಡ್ಯಾಗ ಕೊಟ್ಟು ಹೋಗಪ್ಪ, ರೊಕ್ಕ ಅವನೇ ಕೊಡ್ತಾನ’ ಎಂಬ ಉತ್ತರವು ಸಲ್ಲುವ ಊರಿನಲ್ಲಿ, ವರ್ತಕನ ಮುಖವು ಕಾಣದಿದ್ದರೂ ಸರಕು ತಂದವನ ಮುಖವು ಬೇಗನೆ ಪರಿಚಿತವಾಯಿತು.

2014ನೆಯ ವರ್ಷವನ್ನು ಈ ಚರಿತ್ರೆಯ ನಡುಗಂಬವೆನ್ನಬಹುದು. ಕೊಳ್ಳುವವನ ಬದುಕಿನಲ್ಲಿ ಒಂದು, ಬೆಳೆಯುವವನ ಬದುಕಿನಲ್ಲಿ ಒಂದು, ಹೀಗೆ ಎರಡು ಘಟನೆಗಳು ಆ ವರ್ಷ ಜರುಗಿದವು. ನಾಡಿನ ಗಮನವನ್ನೆಲ್ಲ ಸೆಳೆದುಕೊಂಡದ್ದು ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ‘ಬಿಗ್ ಬಿಲಿಯನ್ ಡೇ’ ಎಂಬ ರಿಯಾಯಿತಿಯ ಜಾತ್ರೆ. ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಗಳ ಸರಕು ಮಾರಾಟವಾಯಿತೆಂದು ಸಂಸ್ಥೆಯು ಸಾರಿತು. ಆದರೆ ಜನಸಮ್ಮರ್ದವನ್ನು ತಾಳಲಾರದೆ ಅಂಗಡಿಯ ಯಂತ್ರಗಳು ಕುಸಿದವು, ಬೆಲೆಗಳು ಕ್ಷಣಕ್ಷಣಕ್ಕೂ ಬದಲಾದವು, ಕೊಂಡ ಸರಕುಗಳ ಬೇಡಿಕೆಗಳು ರದ್ದಾದವು. ಮರುದಿನ ಸಂಸ್ಥಾಪಕರಿಬ್ಬರೂ ಗಿರಾಕಿಗಳ ಕ್ಷಮೆಯನ್ನು ಬೇಡಿದರು. ಆ ದಿನದ ಅವ್ಯವಸ್ಥೆಯು ಮರೆತುಹೋಗಿ, ಅಭ್ಯಾಸವು ಉಳಿಯಿತು. ದಸರೆ ದೀಪಾವಳಿಗಳ ಖರೀದಿಗೆ ದಾವಣಗೆರೆಗೋ ಹೊಸಪೇಟೆಗೋ ಬಸ್ಸು ಹತ್ತುತ್ತಿದ್ದ ಮನೆಗಳಲ್ಲಿ, ಆ ಸುತ್ತಿನ ರಿಯಾಯಿತಿಯು ಎಂದಿನಿಂದ ಮೊದಲಾಗುವುದೆಂದು ವಿಚಾರಿಸುವ ರೂಢಿಯು ಬೆಳೆಯಿತು.

ಅದೇ ವರ್ಷದ ಫೆಬ್ರವರಿಯಲ್ಲಿ, ಪತ್ರಿಕೆಗಳ ಮೊದಲ ಪುಟಕ್ಕೆ ಅಷ್ಟಾಗಿ ಬಾರದ ಇನ್ನೊಂದು ಅಂತರಜಾಲದ ಪೇಟೆಯು ಕರ್ನಾಟಕದಲ್ಲಿ ತೆರೆದಿದ್ದಿತು. 2013ರ ರಾಜ್ಯ ಕೃಷಿ ಮಾರಾಟ ನೀತಿಯನ್ನು ಅನುಸರಿಸಿ, ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯಕೇಂದ್ರದ ಪರಿವಾರದ ಸಂಸ್ಥೆಯೊಂದರ ಪಾಲುಗಾರಿಕೆಯಲ್ಲಿ ಹುಟ್ಟಿದ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬುದು ಎ.ಪಿ.ಎಂ.ಸಿ.ಗಳನ್ನು ಒಂದೇ ಏಕೀಕೃತ ಮಾರುಕಟ್ಟೆಯ ವೇದಿಕೆಗೆ ತರತೊಡಗಿತು. ರೈತನ ಚೀಲಗಳಿಗೆ ಲಾಟ್ ಸಂಖ್ಯೆ ಬೀಳುವುದು. ಖರೀದಿದಾರರು ಒಬ್ಬರಿಗೊಬ್ಬರು ತಿಳಿಯದಂತೆ ತಂತಮ್ಮ ಬೆಲೆಯನ್ನು ಗಣಕಕ್ಕೆ ಒಪ್ಪಿಸುವರು. ಗೊತ್ತಾದ ಹೊತ್ತಿಗೆ ಅತ್ಯಧಿಕವಾದ ಬೆಲೆಯು ಪ್ರಕಟವಾಗುವುದು. ಒಪ್ಪದಿದ್ದರೆ ರೈತನು ನಿರಾಕರಿಸಬಹುದು. ಸೇಂಗಾ ಮೆಕ್ಕೆಜೋಳಗಳನ್ನೇ ನೆಚ್ಚಿದ ನಮ್ಮ ಸೀಮೆಗೆ ಇದು ಅಲ್ಪವಾದ ಬದಲಾವಣೆಯಲ್ಲ. ಕೇಂದ್ರ ಸರ್ಕಾರವು 2016ರ ಏಪ್ರಿಲ್ 14ರಂದು ‘ಇ-ನಾಮ್’ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಯನ್ನು ಆರಂಭಿಸುವುದಕ್ಕೆ ಎರಡು ವರ್ಷ ಮುಂಚೆಯೇ ಕನ್ನಡನಾಡು ಈ ಪ್ರಯೋಗವನ್ನು ಕೈಗೊಂಡಿದ್ದಿತೆಂಬುದು ಸ್ಮರಣೀಯ.

ಇದರ ಫಲವೇನೆಂಬುದನ್ನು ಕುರಿತು ಭಿನ್ನಾಭಿಪ್ರಾಯಗಳುಂಟು. 2020ರಲ್ಲಿ ಪ್ರಕಟವಾದ, ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ವಾಂಸರೂ ಪಾಲುಗೊಂಡ ಅಧ್ಯಯನವೊಂದು, ಭತ್ತ ಸೇಂಗಾ ಮೆಕ್ಕೆಜೋಳಗಳ ಬೆಲೆಯು ಶೇಕಡಾ 3ರಿಂದ 5ರ ಆಸುಪಾಸಿನಲ್ಲಿ ಹೆಚ್ಚಿತೆಂದೂ ಎಲ್ಲ ಬೆಳೆಗಳಿಗೂ ಆ ಲಾಭವು ದೊರೆಯಲಿಲ್ಲವೆಂದೂ ತೋರಿಸಿತು. ದೂರದ ಖರೀದಿದಾರನು ಮಾದರಿಯನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಹೇಳಲಾರನೆಂದೂ, ಅಡತಿಯವರಿಂದ ಮುಂಗಡ ಪಡೆದ ರೈತನು ಆ ಋಣದ ಕಟ್ಟನ್ನು ಯಂತ್ರದಿಂದ ಬಿಡಿಸಿಕೊಳ್ಳಲಾರನೆಂದೂ ಮತ್ತೆ ಕೆಲವರು ವಾದಿಸಿದರು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಅನಿರೀಕ್ಷಿತವಾದ ಬೆಳಕು ದೊರೆಯುತ್ತದೆ: ಖರೀದಿದಾರರು ಪರಸ್ಪರ ಮುಖ ನೋಡಿ ಒಳಸಂಜ್ಞೆಯಿಂದ ಬೆಲೆಯನ್ನು ಅದುಮುತ್ತಿದ್ದ ಕಡೆ, ಮುಖ ಕಾಣದಿರುವಿಕೆಯೇ ರೈತನಿಗೆ ರಕ್ಷೆಯಾಯಿತು. ಆದುದರಿಂದ ಮುಖ ಕಾಣದ ವ್ಯಾಪಾರವು ಸ್ವತಃ ಕೆಡುಕೂ ಅಲ್ಲ, ಒಳಿತೂ ಅಲ್ಲ. ಯಾರ ಮುಖವು ಯಾರಿಗೆ ಮರೆಯಾಗಿದೆಯೆಂಬುದರ ಮೇಲೆ ಅದರ ಗುಣವು ನಿಂತಿದೆ.

2016ರಲ್ಲಿ ಮೂರು ಪ್ರವಾಹಗಳು ಒಂದೇ ವರ್ಷದಲ್ಲಿ ಕೂಡಿಕೊಂಡವು. ಏಪ್ರಿಲ್ 11ರಂದು ಯು.ಪಿ.ಐ. ಎಂಬ ಹಣವರ್ಗಾವಣೆಯ ವ್ಯವಸ್ಥೆಯು ಉದ್ಘಾಟಿತವಾಯಿತು. ಸೆಪ್ಟೆಂಬರ್ 5ರಿಂದ ಜಿಯೋ ಸಂಸ್ಥೆಯು ಅಂತರಜಾಲವನ್ನು ಮೊದಲ ಕೆಲವು ತಿಂಗಳುಗಳ ಕಾಲ ಉಚಿತವಾಗಿಯೇ ಹಂಚಿತು. ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದವು. ಹಣವಿದ್ದೂ ನೋಟಿಲ್ಲದ ಆ ದಿನಗಳಲ್ಲಿ ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತ ಜನರ ಪಾಡು ನಮ್ಮ ಊರುಗಳಲ್ಲಿ ಇನ್ನೂ ಮಾಸಿಲ್ಲ. ಆ ಕಷ್ಟದಿಂದ ಜನಿಸಿದ ಅಭ್ಯಾಸವು ಕ್ರಮೇಣ ತಳ್ಳುಗಾಡಿಯ ತನಕ ಹಬ್ಬಿತು. ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಯಲ್ಲಿ ಚೌಕದ ಸಂಕೇತದ ಹಲಗೆಯು ಕಾಣಿಸಿಕೊಂಡಿತು. ಹಣ ಜಮೆಯಾದುದನ್ನು ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯು ಅದರ ಪಕ್ಕಕ್ಕೆ ಬಂದಿತು. 2023ರ ಆಗಸ್ಟಿನಲ್ಲಿ ದೇಶದ ಯು.ಪಿ.ಐ. ವ್ಯವಹಾರಗಳ ಸಂಖ್ಯೆಯು ಮೊದಲ ಬಾರಿಗೆ ಒಂದೇ ತಿಂಗಳಿನಲ್ಲಿ 1,000 ಕೋಟಿಯನ್ನು ದಾಟಿತು.

ಇದೇ ಕಾಲದಲ್ಲಿ ವಿಶ್ವಾಸದ ಮತ್ತೊಂದು ವಿಚಿತ್ರವಾದ ರೂಪವು ಮೈದೋರಿತು. 2015ರಲ್ಲಿ ಬೆಂಗಳೂರಿನಲ್ಲಿ ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನವಾಲ್ ಅವರು ಸ್ಥಾಪಿಸಿದ ‘ಮೀಶೋ’ ಸಂಸ್ಥೆಯು, ಸೀರೆ ಕುಪ್ಪಸಗಳ ಚಿತ್ರಗಳನ್ನು ಗೃಹಿಣಿಯರು ತಮ್ಮ ವಾಟ್ಸ್ಯಾಪಿನ ಬಳಗದಲ್ಲಿ ಹಂಚಿ, ಬೆಲೆಯ ಮೇಲೆ ತಮ್ಮ ಲಾಭವನ್ನಿಟ್ಟು ಮಾರುವ ಮಾರ್ಗವನ್ನು ತೋರಿಸಿತು. ಅಂಗಡಿಯು ಬೆಂಗಳೂರಿನದು, ಸೀರೆಯು ಸೂರತ್ತಿನದು; ಆದರೆ ಕೊಳ್ಳುವವಳು ನಂಬುವುದು ಪಕ್ಕದ ಮನೆಯ ಅಕ್ಕನನ್ನು. ಅಂಚೆಯಣ್ಣನು ನಿಂತಿದ್ದ ಸ್ಥಳದಲ್ಲಿ ಈಗ ಆ ಅಕ್ಕನು ನಿಂತಳು. ಜವಳಿ ಅಂಗಡಿಯ ಗಲ್ಲೆಯನ್ನು ಎಂದೂ ಮುಟ್ಟದಿದ್ದ ಹೆಂಗಸರಿಗೆ ತಮ್ಮದೆಂಬ ನಾಲ್ಕು ಕಾಸು ಕೈಸೇರಿತು. ಜನರಿಗೆ ಅಭ್ಯಾಸವು ಬಲಿತ ತರುವಾಯ ಆ ಸಂಸ್ಥೆಯೇ ನೇರವಾಗಿ ಗಿರಾಕಿಗಳಿಗೆ ಮಾರುವ ಕಡೆಗೆ ತಿರುಗಿತು. ದಾರಿಯನ್ನು ತೋರಿಸಿಕೊಟ್ಟ ಮಧ್ಯವರ್ತಿನಿಯ ಅಗತ್ಯವು ಕುಗ್ಗಿತು. ಪರಿಚಿತಮುಖದ ಸಾಲವನ್ನು ಪಡೆದು ಬೆಳೆದ ಪ್ರತಿಯೊಂದು ವ್ಯವಸ್ಥೆಯೂ, ಬೆಳೆದ ಮೇಲೆ ಆ ಮುಖವನ್ನು ಬದಿಗೆ ಸರಿಸಿತೆಂಬುದು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ಸಂತೆಗಳು ನಿಂತವು, ತೇರುಗಳು ನಿಂತವು, ಮದುವೆಗಳು ಮನೆಯೊಳಗೇ ಮುಗಿದವು. ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದ ಹಡಗಲಿಯ ಮಲ್ಲಿಗೆಯಂಥ ಹೂವಿಗೆ ಅದಕ್ಕಿಂತ ದುರ್ದಿನವಿರಲಾರದು. ಗುಡಿಯ ಬಾಗಿಲೂ ಚಪ್ಪರದ ಸಂಭ್ರಮವೂ ಇಲ್ಲದ ಮೇಲೆ, ಮುಂಜಾನೆ ಬಿಡಿಸಿದ ಮೊಗ್ಗಿಗೆ ಸಂಜೆಯ ವೇಳೆಗೆ ಬೆಲೆಯಿಲ್ಲ. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಗಳ ಪರಿಹಾರವನ್ನು ರಾಜ್ಯ ಸರ್ಕಾರವು ಅದೇ ವರ್ಷದ ಮೇ ತಿಂಗಳಿನಲ್ಲಿ ಘೋಷಿಸಬೇಕಾಯಿತು. ಪುಸ್ತಕವು ನಾಲ್ಕು ದಿನ ದಾರಿಯಲ್ಲಿದ್ದರೂ ಪುಸ್ತಕವೇ; ಮಲ್ಲಿಗೆಯು ಒಂದು ರಾತ್ರಿಯನ್ನು ಕಳೆದರೆ ಮಲ್ಲಿಗೆಯಾಗಿ ಉಳಿಯಲಾರದು. ದೂರವನ್ನು ಗೆದ್ದ ಹೊಸ ಪೇಟೆಯು ಕಾಲವನ್ನು ಗೆದ್ದಿರಲಿಲ್ಲ.

ಆದರೆ ಅಂತರಜಾಲದ ಅಂಗಡಿಗಳಿಗೆ ಆ ವರ್ಷವೇ ಸುಗ್ಗಿಯಾಯಿತು. ಅಲ್ಲಿಯವರೆಗೆ ಹೊರಗುಳಿದಿದ್ದ ಕೋಟ್ಯಂತರ ಮಂದಿ ಅನಿವಾರ್ಯವಾಗಿ ಈ ಪೇಟೆಯೊಳಗೆ ಕಾಲಿಟ್ಟರು. ಅವರನ್ನು ಬರಮಾಡಿಕೊಳ್ಳಲು ಕನ್ನಡವು ಬೇಕಾಯಿತು. 2020ರ ಜೂನಿನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರಿನಲ್ಲಿ ಅಮೆಜಾನ್ ತಮ್ಮ ಅಂಗಡಿಯ ಫಲಕಗಳನ್ನು ಕನ್ನಡದಲ್ಲಿ ಬರೆದವು. ಬೆಂಗಳೂರಿನಲ್ಲಿಯೇ ಹುಟ್ಟಿದ ಅಂಗಡಿಯೊಂದು ಆ ಊರಿನ ನುಡಿಯನ್ನಾಡಲು 13 ವರ್ಷಗಳನ್ನು ತೆಗೆದುಕೊಂಡಿತೆಂಬುದು ಕನ್ನಡಿಗರಿಗೆ ನೋವಿನ ಸಂಗತಿಯಾದರೂ, ಸಣ್ಣ ಊರಿನ ಗಿರಾಕಿಯಿಲ್ಲದೆ ಮುಂದಿನ ಬೆಳವಣಿಗೆಯಿಲ್ಲವೆಂಬುದನ್ನು ವಾಣಿಜ್ಯವು ಒಪ್ಪಿಕೊಂಡ ಗಳಿಗೆಯೂ ಅದೇ ಆಗಿತ್ತು.

ಈ ಅಭ್ಯುದಯದ ಬೆನ್ನಿಗೇ ವಿವಾದಗಳೂ ಬೆಳೆದುಬಂದವು. 2018ರ ಮೇ ತಿಂಗಳಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು 1,600 ಕೋಟಿ ಡಾಲರುಗಳಿಗೆ ಫ್ಲಿಪ್‌ಕಾರ್ಟಿನ ಶೇಕಡಾ 77ರಷ್ಟು ಪಾಲನ್ನು ಕೊಳ್ಳುವುದಾಗಿ ಪ್ರಕಟಿಸಿತು. ವಿದೇಶೀ ಬಂಡವಾಳದ ಬಲದಿಂದ ನಷ್ಟಕ್ಕೆ ಮಾರಿ ಚಿಲ್ಲರೆ ವರ್ತಕರನ್ನು ಅಳಿಸಲಾಗುತ್ತಿದೆಯೆಂದು ವರ್ತಕಸಂಘಗಳು ಕೂಗಿದವು. ಕೇಂದ್ರ ಸರ್ಕಾರವು ಅದೇ ವರ್ಷದ ಡಿಸೆಂಬರಿನಲ್ಲಿ, ವೇದಿಕೆಯ ಒಡೆಯನು ತನ್ನದೇ ಹಿಡಿತದ ಮಾರಾಟಗಾರರ ಮೂಲಕ ಮಾರಬಾರದೆಂಬ ನಿಯಮಗಳನ್ನು ಬಿಗಿಗೊಳಿಸಿತು. 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ಮೇಲೆ ತನಿಖೆಗೆ ಆಜ್ಞೆ ಮಾಡಿತು. ಮೊದಲು ಆ ತನಿಖೆಗೆ ತಡೆಯನ್ನಿತ್ತ ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಜೂನಿನಲ್ಲಿ ಸಂಸ್ಥೆಗಳ ಅರ್ಜಿಗಳನ್ನು ವಜಾಗೊಳಿಸಿ ತನಿಖೆಗೆ ದಾರಿ ಬಿಟ್ಟಿತು. ಕಡಮೆ ಬೆಲೆಯೂ, ಸಣ್ಣ ಊರಿಗೂ ದೊರೆತ ವಿಪುಲವಾದ ಆಯ್ಕೆಯೂ ಗ್ರಾಹಕನಿಗೆ ನಿಜವಾದ ಲಾಭವೆಂದು ಒಂದು ಪಕ್ಷದ ಅರ್ಥಶಾಸ್ತ್ರಜ್ಞರು ಹೇಳಿದರೆ, ಪೇಟೆಯು ಕೆಲವರ ಕೈಸೇರಿದ ಮೇಲೆ ಆ ಲಾಭವು ಉಳಿಯಲಾರದೆಂದು ಇನ್ನೊಂದು ಪಕ್ಷದವರು ಎಚ್ಚರಿಸುತ್ತಾರೆ. ಈ ಭೀತಿಯಿಂದಲೇ, ಯಾವ ಒಬ್ಬ ಒಡೆಯನಿಗೂ ಸೇರದ ಮುಕ್ತಜಾಲವೊಂದನ್ನು ಕಟ್ಟುವ ಉದ್ದೇಶದಿಂದ 2021ರ ಕೊನೆಯಲ್ಲಿ ಓ.ಎನ್.ಡಿ.ಸಿ. ಸ್ಥಾಪಿತವಾಯಿತು, ಅದರ ಪ್ರಯೋಗಕ್ಕೆ ಆಯ್ದ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದಾಗಿದ್ದಿತು.

ಇದೀಗ ಆರಂಭದ ಪ್ರಶ್ನೆಗೆ ಮರಳಬಹುದು. ಮಹಬೂಬ್‌ನಗರದ ಆ ಗಿರಾಕಿಯು ವರ್ತಕನನ್ನು ಕಂಡಿರಲಿಲ್ಲ. ವರ್ತಕರೂ ಅವನನ್ನು ಕಂಡಿರಲಿಲ್ಲ. ಒಂದು ಹೆಸರು, ಒಂದು ವಿಳಾಸ, ಒಂದು ಪುಸ್ತಕ ಇಷ್ಟಲ್ಲದೆ ಅವರಿಗೆ ಅವನ ವಿಷಯದಲ್ಲಿ ಬೇರೇನೂ ತಿಳಿದಿರಲಿಲ್ಲ. ಸಂತೆಯಲ್ಲಿ ಇಬ್ಬರೂ ಪರಸ್ಪರ ಕಾಣುತ್ತಿದ್ದರು; ಅಂಚೆಯ ವ್ಯಾಪಾರದಲ್ಲಿ ಇಬ್ಬರೂ ಪರಸ್ಪರ ಕಾಣುತ್ತಿರಲಿಲ್ಲ; ಎರಡರಲ್ಲಿಯೂ ಒಂದು ಸಮತ್ವವಿದ್ದಿತು. ಇಂದಿನ ಪೇಟೆಯಲ್ಲಿ ಕೊಳ್ಳುವವನ ಮುಖವು ಮಾರುವವನಿಗೆ ಸಂಪೂರ್ಣವಾಗಿ ಕಾಣುತ್ತದೆ. ಅವನು ಯಾವ ಸೀರೆಯ ಚಿತ್ರದ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟನು, ಯಾವ ಬೆಲೆಗೆ ಹಿಂಜರಿದನು, ಸಂಬಳದ ಯಾವ ದಿನದಂದು ಧಾರಾಳಿಯಾಗುವನು ಎಂಬುದೆಲ್ಲವೂ ಅಲ್ಲಿ ದಾಖಲಾಗಿದೆ. ಮಾರುವವನ ಮುಖವು ಮಾತ್ರ ಇವನಿಗೆ ಕಾಣದು. ಕೇಳಿದುದಕ್ಕೆ ಉತ್ತರ ಕೊಡುತ್ತಿದ್ದ ಜಾಹೀರಾತು ಈಗ ಕೇಳುವ ಮುನ್ನವೇ ಮನಸ್ಸನ್ನು ಓದಿ ಎದುರಿಗೆ ಬಂದು ನಿಲ್ಲುತ್ತದೆ. ಈ ಮರೆಯಲ್ಲಿಯೇ ಮೋಸಗಾರರಿಗೂ ನೆಲೆ ದೊರೆತು, ಒ.ಟಿ.ಪಿ. ಕೇಳಿ ಖಾತೆಯನ್ನು ಬರಿದುಮಾಡುವವರ ಉಪಟಳದಿಂದ 1930 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಹಳ್ಳಿಯವರೂ ನೆನಪಿಡಬೇಕಾಗಿದೆ.

ದೇಶದ ಶಾಸನವು ಈ ಅಸಮತೆಯನ್ನು ಅರಿಯದೆ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ವಾಣಿಜ್ಯದ ನಿಯಮಗಳು ಮಾರಾಟಗಾರನ ಹೆಸರು ವಿಳಾಸಗಳನ್ನು ಪ್ರಕಟಿಸಬೇಕೆಂದು ವಿಧಿಸಿದವು. 2023ರ ಆಗಸ್ಟಿನಲ್ಲಿ ವ್ಯಕ್ತಿಗತ ಮಾಹಿತಿಯ ರಕ್ಷಣೆಗಾಗಿ ಕಾಯಿದೆಯೊಂದು ಬಂದಿತು. ಅದೇ ವರ್ಷದ ನವೆಂಬರಿನಲ್ಲಿ, ಸುಳ್ಳು ಆತುರವನ್ನು ಹುಟ್ಟಿಸುವುದು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು ಮೊದಲಾದ 13 ಬಗೆಯ ವಂಚನೆಯ ವಿನ್ಯಾಸಗಳು ನಿಷಿದ್ಧವಾದವು. ಐನೂರ್ವರ ಬಿರುದು ಅಂದು ಮಾಡಿದ ಕಾರ್ಯವನ್ನೇ, ಅಂದರೆ ಕಾಣದ ಮುಖಕ್ಕೆ ಹೊಣೆಯ ಹೆಸರೊಂದನ್ನು ಕೊಡುವ ಕಾರ್ಯವನ್ನೇ, ಇಂದು ಈ ಶಾಸನಗಳು ಮಾಡಲು ಹವಣಿಸುತ್ತಿವೆ.

ಕೋಗಳಿಯ ನಾಡು ಸಂತೆಯನ್ನು ಬಿಟ್ಟಿಲ್ಲ; ಅಂಗೈಯ ಅಂಗಡಿಯನ್ನೂ ಬಿಡಲಾರದು. ದೂರದ ಪುಸ್ತಕವೂ ಔಷಧವೂ ಉಪಕರಣವೂ ಪಟ್ಟಣದವನಿಗೆ ದೊರೆಯುವ ಬೆಲೆಗೇ ನಮ್ಮ ಹಳ್ಳಿಯ ಹುಡುಗಿಗೆ ದೊರೆಯುವಂತಾದುದು ಸಾಮಾನ್ಯವಾದ ಉಪಕಾರವಲ್ಲ, ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ದನದ ಸಂತೆಯ ಆ ಹಳೆಯ ಟವೆಲ್ಲನ್ನು ಮರೆಯಬಾರದು. ಬೆಲೆಯು ಅಂದೂ ಮರೆಯಲ್ಲಿಯೇ ನಿರ್ಣಯವಾಗುತ್ತಿದ್ದಿತು. ಆದರೆ ಆ ಬಟ್ಟೆಯ ಕೆಳಗೆ ಕೊಡುವ ಕೈಯೂ ಕೊಳ್ಳುವ ಕೈಯೂ ಎರಡೂ ಇದ್ದವು, ಒಂದರ ಬೆರಳು ಇನ್ನೊಂದಕ್ಕೆ ತಿಳಿಯುತ್ತಿದ್ದಿತು. ಇಂದಿನ ಮರೆಯ ಕೆಳಗೆ ನಮ್ಮ ಕೈಯೊಂದೇ ಇದೆ. ಎದುರಿನ ಕೈಯನ್ನು ಮುಟ್ಟಿ ತಿಳಿಯುವ ಹಕ್ಕನ್ನು ನಾವು ಕೇಳಿ ಪಡೆಯಬೇಕಾಗಿದೆ.